ಬಿಸಿಯಿಂದ ಕೆಟ್ಟದ್ದು

ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಆಂಬುಲೆನ್ಸಿನಿಂದ ಇಳಿಸಿ, ಅಂಗಳ ದಾಟಿಸಿ, ಮೂರು ಮೆಟ್ಟಿಲು ಹತ್ತಿಸುವವರೆಗೆ ಆರು ಜನ ಸಾಕಾಗಿದ್ದರು. ಆದರೆ ಹಳೆಯ ಮನೆಯ ಬಾಗಿಲು ಕಿರಿದು. ನಡುವೆ ಹಿಡಿದಿದ್ದ ಇಬ್ಬರು ಕೈಬಿಟ್ಟು ಸರಿಯಲೇಬೇಕಾಯಿತು. ಅವರು ಸರಿದ ಕೂಡಲೇ ಹಿಂದಿನ ತುದಿ ಒಂದು ಕಡೆಗೆ ವಾಲಿತು.

“ಬಸಯ್ಯಣ್ಣ, ಆ ಮೂಲೆ ಹಿಡಿಯಿರಿ,” ಎಂದ ಸತ್ತವರ ಸೋದರಳಿಯ ಡೆನ್ವರ್.

ಬಸಯ್ಯ ದೂರದಲ್ಲಿ, ಹಲಸಿನ ಮರದ ಬುಡದಲ್ಲಿ ನಿಂತಿದ್ದ. ಅಂಗಳದಲ್ಲಿ ಇನ್ನೂ ನಲವತ್ತು ಜನ ಗಂಡಸರಿದ್ದರು. ಅಷ್ಟು ಜನರಲ್ಲಿ ನನ್ನನ್ನೇ ಯಾಕೆ ಕರೆದ ಎಂದು ಯೋಚಿಸುವಷ್ಟರಲ್ಲಿ ಅವನ ಕೈ ಪೆಟ್ಟಿಗೆಯ ಅಡಿಗೆ ಹೋಗಿತ್ತು. ಎದುರು ಮೂಲೆಯನ್ನು ಹಿಡಿದಿದ್ದವನು ಮನೀಶ್, ಮಣಿಪಾಲದ ಆಚೆ ಬಸಯ್ಯ ಕೆಲಸಕ್ಕಿದ್ದ ಕಾಲೇಜಿನ ತೋಟದ ಸೂಪರ್‌ವೈಸರ್. ಬಸಯ್ಯನನ್ನು ನೋಡಿ ಅವನು ಕಣ್ಣು ತಗ್ಗಿಸಿದ. ತಗ್ಗಿಸಿದ್ದು ಭಾರಕ್ಕೋ ಬೇರೆ ಯಾವುದಕ್ಕೋ ಬಸಯ್ಯನಿಗೆ ತಿಳಿಯಲಿಲ್ಲ.

ಕ್ಲಾರೆನ್ಸ್ ಕ್ವಾಡ್ರಸ್ ಅವರಿಗೆ ಅರವತ್ತೆಂಟು ವರ್ಷ. ಮೊನ್ನೆ ಸಂಜೆ ನಾಲ್ಕಕ್ಕೆ ಕಾಫಿಗೆ ಕರೆಯಲು ಹೋದ ಹೆಂಡತಿ ಸೆಲೀನ್, ಹಿತ್ತಲಿನ ವರ್ಕ್‌ಶಾಪಿನಲ್ಲಿ ಸ್ಟೂಲಿನ ಮೇಲೆ ಕೂತ ಹಾಗೆಯೇ ಗೋಡೆಗೆ ಒರಗಿದ್ದ ಗಂಡನನ್ನು ನೋಡಿದ್ದರು. ಹುಲ್ಲು ಕತ್ತರಿಸುವ ಸಣ್ಣ ಟ್ರ್ಯಾಕ್ಟರುಗಳನ್ನು ಬಿಚ್ಚಿ ಕಟ್ಟುವ ಕೆಲಸ ಅವರದು. ಕಾಪುವಿನಿಂದ ಕಾರ್ಕಳದವರೆಗೆ ಅಂಥ ಯಂತ್ರ ಇಟ್ಟುಕೊಂಡವರಿಗೆಲ್ಲ ಅವರ ಮನೆಯ ದಾರಿ ಗೊತ್ತಿತ್ತು.

ಬಸಯ್ಯನಿಗೂ ಗೊತ್ತಿತ್ತು. ಆರು ವರ್ಷಗಳಿಂದ ಅವನು ಆ ದಾರಿ ತುಳಿದಿರಲಿಲ್ಲ. ಈ ಬೆಳಿಗ್ಗೆ ಸೆಲೀನ್ ಅವರೇ ಫೋನ್ ಮಾಡಿ, “ಬಸಯ್ಯ, ನೀವು ಬರಬೇಕು,” ಎಂದಿದ್ದರು. ಅವನ ಹೆಂಡತಿ ಯಮನವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದ್ದಳು: “ಯಾಕಂತ? ಸತ್ತ ಮ್ಯಾಲ ನಿನ್ನ ನೆನಪಾತೇನು ಅವರಿಗೆ?”

ಜೊತೆಗೆ ಕೆಲಸ ಮಾಡುವ ಸವಿತಾ ಹೊರಟಿದ್ದಳು, ಅವಳೊಂದಿಗೆ ಬಸ್ಸು ಹತ್ತಿದ್ದ.

ಪೆಟ್ಟಿಗೆಯನ್ನು ಚಾವಡಿಯಲ್ಲಿ ಇಳಿಸಿದರು. ಯಾರೋ ಮೇಣದಬತ್ತಿ ಹಚ್ಚಿದರು. ಬಿಳಿ ಅಂಗಿ, ಕಪ್ಪು ಕೋಟು. ಕ್ಲಾರೆನ್ಸ್ ಅವರನ್ನು ಕೋಟಿನಲ್ಲಿ ಬಸಯ್ಯ ಎಂದೂ ಕಂಡಿರಲಿಲ್ಲ. ಬೆರಳುಗಳ ನಡುವೆ ಜಪಮಾಲೆ ಸುತ್ತಿದ್ದರು. ಉಗುರಿನ ಸಂದಿಯ ಎಣ್ಣೆಯ ಕಪ್ಪು ಮಾತ್ರ ಹೋಗಿರಲಿಲ್ಲ.

ಗೋಡೆಯ ಬದಿಯಲ್ಲಿ ಕೂತಿದ್ದ ಹೆಂಗಸರು ಕೊಂಕಣಿಯಲ್ಲಿ ಏನೋ ಹೇಳಿಕೊಂಡರು. ನಡುವೆ ‘ಬಸಯ್ಯ’ ಎಂಬ ಶಬ್ದ ಕೇಳಿಸಿತು. ಅವನು ತಿರುಗಿದಾಗ ಮಾತು ನಿಂತಿತು.

ಸೆಲೀನ್ ಎದ್ದು ಬಂದು ಅವನ ಕೈ ಹಿಡಿದರು.

“ಬಂದಿರಲ್ಲ. ಅವರು ಯಾವಾಗಲೂ ಹೇಳುವುದು, ಬಸಯ್ಯ ಒಂದು ದಿನ ಬಂದೇ ಬರ್ತಾನೆ ಅಂತ. ಕ್ರಿಸ್ಮಸ್ಸಿಗೆ ನಾನು ಕೇಳುವುದುಂಟು, ಅವರನ್ನು ಊಟಕ್ಕೆ ಕರೆಯುವ ಅಂತ. ‘ಬೇಡ, ಅವನಿಗೆ ನಾಚಿಕೆ ಉಂಟು. ಕರೆದು ಕೂರಿಸಿ ಇನ್ನೂ ನಾಚಿಕೆ ಮಾಡಿಸುವುದು ಬೇಡ. ಕುಸ್ವಾರ್ ತಿಂಡಿ ಮಾತ್ರ ಕಳಿಸು’ ಅಂತ ಹೇಳ್ತಿದ್ರು.”

“ನಾಚಿಕಿ?” ಎಂದ ಬಸಯ್ಯ. “ನನಗೇನ್ರಿ ಅಮ್ಮಾರ?”

ಸೆಲೀನ್ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಉಡುಪಿಯಿಂದ ಬಂದ ಬಂಧುಗಳು ಒಳಗೆ ನುಗ್ಗಿ ಅವರನ್ನು ತಬ್ಬಿಕೊಂಡು ಅಳತೊಡಗಿದರು. ಬಸಯ್ಯ ಹೊರಗೆ ಬಂದ. ಕಿವಿ ಬಿಸಿಯಾಗಿತ್ತು. ನಾಚಿಕೆಯಂತೆ. ಅನ್ನಕ್ಕೆ ಮಣ್ಣು ಹಾಕಿದವರು ಮಲಗಿದ್ದಾರೆ, ನಾಚಿಕೆ ತನಗಂತೆ.

*

ಹದಿಮೂರು ವರ್ಷದ ಹಿಂದೆ ಹುಲ್ಲು ಕತ್ತರಿಸುವ ಅಂಥದೊಂದು ಯಂತ್ರ ಮರದ ಕ್ರೇಟಿನಲ್ಲಿ ಕಾಲೇಜಿಗೆ ಬಂದಾಗ ಅದನ್ನು ಜೋಡಿಸಲು ಕ್ಲಾರೆನ್ಸ್ ಅವರನ್ನು ಕರೆಸಿದ್ದರು. ಬಸಯ್ಯ ಆಗ ಅದೇ ಕಾಲೇಜಿನ ಕಂಪೌಂಡು ಗೋಡೆಗೆ ಕಲ್ಲು ಹೊರುತ್ತಿದ್ದ. ಕುಷ್ಟಗಿಯ ಕಡೆಯ ತನ್ನ ಊರಿನಲ್ಲಿ ಟ್ರ್ಯಾಕ್ಟರ್ ಓಡಿಸಿದ್ದೇನೆ ಎಂದ ಒಂದೇ ಮಾತಿಗೆ ಅವನನ್ನು ಯಂತ್ರದ ಎದುರು ನಿಲ್ಲಿಸಿದರು.

“ಇದು ನಿಮ್ಮ ಊರಿನ ಟ್ರ್ಯಾಕ್ಟರ್ ಅಲ್ಲ,” ಎಂದಿದ್ದರು ಕ್ಲಾರೆನ್ಸ್. “ಗೇರ್ ಇಲ್ಲ, ಕ್ಲಚ್ ಇಲ್ಲ. ಎಂಜಿನ್ ಒಳಗಿನ ಪಂಪನ್ನು ತಿರುಗಿಸ್ತದೆ, ಪಂಪು ಎಣ್ಣೆಯನ್ನು ದೂಡ್ತದೆ, ಎಣ್ಣೆ ಆ ಕಡೆಯ ಮೋಟರನ್ನು ತಿರುಗಿಸ್ತದೆ, ಅದರಿಂದ ಚಕ್ರ. ಹೈಡ್ರೋ ಅಂತ ಹೇಳುವುದು. ಎಣ್ಣೆಯೇ ಇದರ ಜೀವ. ಎಣ್ಣೆ ಕಾದರೆ ನೀರಾಗ್ತದೆ, ನೀರಾದರೆ ದೂಡುವ ಶಕ್ತಿ ಇಲ್ಲ.”

ಬಹರೈನಿನ ಒಂದು ಗಾಲ್ಫ್ ಮೈದಾನದಲ್ಲಿ ಹದಿನೆಂಟು ವರ್ಷ ಇಂಥವೇ ಯಂತ್ರಗಳನ್ನು ನೋಡಿಕೊಂಡು ಬಂದವರು ಅವರು. ಆ ಉರಿಯಲ್ಲಿ ಎಷ್ಟು ಹೈಡ್ರೋಗಳು ಸತ್ತವು ಎಂದು ಮನುಷ್ಯರ ಸಾವಿನ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು. ಯಂತ್ರವನ್ನು ಮುಟ್ಟುವಾಗ ಅಂಗೈ ಇಡುತ್ತಿರಲಿಲ್ಲ. ಜ್ವರ ನೋಡುವವರಂತೆ ಕೈಯ ಹಿಂಬದಿ ಇಡುತ್ತಿದ್ದರು.

ಹೈಡ್ರೋದ ಮೇಲಿನ ಸಣ್ಣ ಫ್ಯಾನು, ಅದರ ಕೆಳಗಿನ ಸಾಲು ಸಾಲು ಲೋಹದ ಅಂಚುಗಳು, ಅವುಗಳ ಸಂದಿಯಲ್ಲಿ ಹುಲ್ಲಿನ ಪುಡಿ ನಿಲ್ಲದ ಹಾಗೆ ದಿನಾ ಬ್ರಷ್ಷು. ಮಧ್ಯಾಹ್ನದ ಬಿಸಿಲಿನಲ್ಲಿ ಟ್ರೇಲರ್ ಕಟ್ಟಿಕೊಂಡು ಗುಡ್ಡ ಹತ್ತಬಾರದು. ಎಲ್ಲ ಹೇಳಿ ಕೊನೆಗೆ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಒಂದು ಸಣ್ಣ ಲಿವರ್ ತೋರಿಸಿದ್ದರು.

“ಎಂಜಿನ್ ಎಲ್ಲಾದರೂ ನಿಂತರೆ ಇದನ್ನು ಹೊರಗೆ ಎಳೆಯಿರಿ. ಆಗ ಚಕ್ರ ಸಡಿಲ ಆಗ್ತದೆ. ಕೈಯಲ್ಲೇ ದೂಡಿ ಶೆಡ್ಡಿಗೆ ತನ್ನಿ. ಹಗ್ಗ ಕಟ್ಟಬೇಡಿ. ಇದನ್ನು ಎಳೆಯದೆ ಹಗ್ಗ ಕಟ್ಟಿದರೆ ಚಕ್ರವೇ ಒಳಗಿನ ಮೋಟರನ್ನು ತಿರುಗಿಸ್ತದೆ. ಎಂಜಿನ್ ನಿಂತಿದೆ, ಅದಕ್ಕೆ ಎಣ್ಣೆ ಕೊಡುವವರು ಯಾರೂ ಇಲ್ಲ. ಒಣಗಿದ ಗಂಟಲಲ್ಲಿ ರೊಟ್ಟಿ ನುಂಗಿದ ಹಾಗೆ. ಗೊತ್ತಾಯ್ತಲ್ಲ?”

ರೊಟ್ಟಿಯ ಮಾತು ಬಸಯ್ಯನಿಗಾಗಿಯೇ ಆಡಿದ್ದು. ಅವನು ನಕ್ಕಿದ್ದ.

ಏಳು ವರ್ಷ ಆ ಸೀಟು ಅವನದಾಗಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಆ ಸಂದಿಗಳನ್ನು ತಿಕ್ಕುತ್ತಿದ್ದ. ಕೆಳಗಿನ ಮೈದಾನದ ಯಾವ ಮೂಲೆಯಲ್ಲಿ ನೆಲ ಜಾರುತ್ತದೆ, ಯಾವ ಮರದ ಬೇರು ಬ್ಲೇಡಿಗೆ ಸಿಗುತ್ತದೆ ಎಲ್ಲ ಕಾಲಿಗೆ ಗೊತ್ತಿತ್ತು. ಮೂರು ತಿಂಗಳಿಗೊಮ್ಮೆ ಕ್ಲಾರೆನ್ಸ್ ಬಂದು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ, “ಚೆನ್ನಾಗಿ ಉಂಟು,” ಎಂದಷ್ಟೇ ಹೇಳುತ್ತಿದ್ದರು. ಬಸಯ್ಯನ ಜೀವನದಲ್ಲಿ ಬೇರೆ ಯಾರೂ ಅವನ ಕೆಲಸವನ್ನು ಮುಟ್ಟಿ ನೋಡಿದವರಿರಲಿಲ್ಲ.

*

ಆರು ವರ್ಷದ ಹಿಂದಿನ ಜನವರಿಯಲ್ಲಿ ಮಗಳು ಶಿಲ್ಪಾಳ ನಿಶ್ಚಯಕ್ಕೆಂದು ಬಸಯ್ಯ ಐದು ದಿನ ಊರಿಗೆ ಹೋಗಿದ್ದ. ಸೋಮವಾರ ಹಿಂತಿರುಗಿ ಯಂತ್ರ ಹತ್ತಿದ. ಎರಡು ಸುತ್ತು ಸರಿಯಾಗಿ ಓಡಿತು. ಮೂರನೆಯ ಸುತ್ತಿಗೆ ನಾಯಿ ಕುಂಯ್‌ಗುಟ್ಟುವಂಥ ಸದ್ದು ಶುರುವಾಯಿತು. ಏರಿನಲ್ಲಿ ವೇಗ ಇಳಿಯುತ್ತ ಬಂದು ನಿಂತೇಬಿಟ್ಟಿತು. ಎಂಜಿನ್ ಓಡುತ್ತಿದೆ, ಪೆಡಲ್ ಒತ್ತಿದರೆ ಚಕ್ರ ಮಾತ್ರ ಕದಲುವುದಿಲ್ಲ. ಇಳಿದು ಮುಟ್ಟಿದ, ಕೈ ಸುಟ್ಟಿತು. ಅರ್ಧ ಗಂಟೆ ಆರಲು ಬಿಟ್ಟ ಮೇಲೆ ಮತ್ತೆ ಚಲಿಸಿತು, ಮತ್ತೆ ನಿಂತಿತು.

ಯಂತ್ರವನ್ನು ಟೆಂಪೋದಲ್ಲಿ ಕಾಪುವಿಗೆ, ಕ್ಲಾರೆನ್ಸ್ ಅವರ ವರ್ಕ್‌ಶಾಪಿಗೆ ಸಾಗಿಸಿದರು. ಹತ್ತು ದಿನದ ಮೇಲೆ ಒಂದು ಕಾಗದ ಬಂತು. ಮನೀಶ್ ಅದನ್ನು ತೋಟದ ಕೆಲಸದವರೆಲ್ಲ ಬುತ್ತಿ ಬಿಚ್ಚಿ ಕೂತಿದ್ದಾಗ ಮಾವಿನ ಮರದಡಿ ನಿಂತು ಓದಿದ.

“‘ಬಿಸಿಯಿಂದ ಕೆಟ್ಟಿದೆ.’ ಕ್ಲಾರೆನ್ಸ್ ಅವರೇ ಬರೆದದ್ದು. ಅಂದರೆ ಎಂತ ಅರ್ಥ? ಕ್ಲೀನ್ ಮಾಡ್ಲಿಲ್ಲ, ಬಿಸಿಲಲ್ಲಿ ಸುಮ್ಮನೆ ಓಡಿಸಿದ್ದು. ಓಡಿಸುವವರು ಯಾರು?”

ಎಲ್ಲರೂ ಬಸಯ್ಯನ ಕಡೆ ನೋಡಿದರು. ಮರುದಿನದಿಂದ ಅವನ ಕೈಗೆ ನೀರು ಬಿಡುವ ಪೈಪು ಬಂತು. ಹೊಸ ಯಂತ್ರಕ್ಕೆ ಬೇರೆಯವನು ಬಂದ.

ಒಂದು ಭಾನುವಾರ ಬಸಯ್ಯ ಕೇಳಿಯೇ ಬಿಡುತ್ತೇನೆಂದು ಕಾಪುವಿಗೆ ಬಂದಿದ್ದ. ಗೇಟಿನ ಬಳಿ ನಿಂತು ನೋಡಿದರೆ ಒಳಗೆ ಜಗಲಿಯಲ್ಲಿ ಕ್ಲಾರೆನ್ಸ್ ಮತ್ತು ಮನೀಶ್ ಎದುರುಬದುರು ಕೂತು ಕಾಫಿ ಕುಡಿಯುತ್ತಿದ್ದರು. ಮನೀಶ್ ಏನೋ ಹೇಳಿದ, ಕ್ಲಾರೆನ್ಸ್ ನಕ್ಕರು. ಅಷ್ಟು ಸಾಕಾಯಿತು. ಬಸಯ್ಯ ಗೇಟು ಮುಟ್ಟದೆ ತಿರುಗಿ ಬಸ್ ಸ್ಟ್ಯಾಂಡಿಗೆ ನಡೆದ.

ಆ ಡಿಸೆಂಬರಿನಲ್ಲಿ ಡೆನ್ವರ್ ಕುಸ್ವಾರಿನ ಪೊಟ್ಟಣ ತಂದುಕೊಟ್ಟ. ನೆವ್ರಿ, ಗುಳಿಯೊ, ಕಿಡಿಯೊ, ಒಂದು ತುಂಡು ಕೇಕು. “ಮಾಡಿದ ತಪ್ಪಿಗೆ ಮುಲಾಮು,” ಎಂದಳು ಯಮನವ್ವ, ಮತ್ತು ಬಿಚ್ಚದೆಯೇ ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟಳು. ಪ್ರತಿ ವರ್ಷವೂ ಪೊಟ್ಟಣ ಬಂತು, ಪ್ರತಿ ವರ್ಷವೂ ಪಕ್ಕದ ಮನೆಗೆ ಹೋಯಿತು. ನಡುವೆ ಒಮ್ಮೆ, ಕಾರ್ಕಳದ ಬಳಿಯ ಒಂದು ರೆಸಾರ್ಟಿಗೆ ಯಂತ್ರ ಓಡಿಸುವವರು ಬೇಕಂತೆ, ಮಾಮ್ ನಿಮ್ಮ ಹೆಸರು ಹೇಳಿದ್ದಾರೆ ಎಂದೂ ಡೆನ್ವರ್ ಬಂದು ಹೇಳಿದ್ದ. ಸೀಟಿನ ಆಸೆ ಬಸಯ್ಯನ ಎದೆಯಲ್ಲಿ ಒಮ್ಮೆ ಎದ್ದು ಕೂತಿತ್ತು. ಅಲ್ಲೂ ಏನು ಬರೆದುಕೊಡುತ್ತಾರೋ ಎನ್ನಿಸಿ, ಒಲ್ಲೆ ಎಂದಿದ್ದ.

*

“ಬಸಯ್ಯಣ್ಣ, ಸ್ವಲ್ಪ ಬನ್ನಿ,” ಡೆನ್ವರ್ ವರ್ಕ್‌ಶಾಪಿನ ಬಾಗಿಲಿನಿಂದ ಕರೆದ. “ಜನ ಬಿಸಿಲಲ್ಲಿ ನಿಂತಿದ್ದಾರೆ. ಇಲ್ಲಿ ಕುರ್ಚಿ ಹಾಕಿಸುವ. ಈ ಗಾಡಿಯನ್ನು ಹೊರಗೆ ತೆಗೆಯಬೇಕು.”

ಡೆನ್ವರ್ ಕ್ಲಾರೆನ್ಸ್ ಅವರ ತಂಗಿಯ ಮಗ. ಹತ್ತು ವರ್ಷಗಳಿಂದ ಮಾವನ ಜೊತೆಗೇ ಕೆಲಸ ಮಾಡುತ್ತಿದ್ದ. ಇನ್ನು ಮುಂದೆ ಈ ವರ್ಕ್‌ಶಾಪು ಅವನದೇ.

ಮತ್ತೆ ತಾನೇ. ಬಸಯ್ಯ ಸುತ್ತ ನೋಡಿದ. ಸ್ವಲ್ಪ ದೂರದಲ್ಲಿ ಮನೀಶ್ ಫೋನ್ ನೋಡುತ್ತ ನಿಂತಿದ್ದ. ಒಳಗೆ ಕರೆದುಕೊಂಡು ಹೋಗಿ ಇವನು ಏನು ಹೇಳಿಸಬೇಕೆಂದಿದ್ದಾನೋ ಎಂದುಕೊಳ್ಳುತ್ತ ಬಸಯ್ಯ ಹೊಸಿಲು ದಾಟಿದ.

ಯಾರದೋ ರಿಪೇರಿಗೆ ಬಂದ ಸಣ್ಣ ಟ್ರ್ಯಾಕ್ಟರ್ ನಡುವೆ ನಿಂತಿತ್ತು. ಎಂಜಿನ್ನಿನ ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ ಆ ಸ್ಟೂಲು. ಡೆನ್ವರ್ ಸ್ಟೇರಿಂಗ್ ಹಿಡಿದು ಮುಂದೆ ನಿಂತ. ಬಸಯ್ಯ ಹಿಂದಕ್ಕೆ ಹೋಗಿ, ಯೋಚಿಸದೆಯೇ ಬಗ್ಗಿ, ಚಕ್ರದ ಬಳಿಯ ಲಿವರನ್ನು ಹೊರಗೆಳೆದು ಕೊಕ್ಕೆಗೆ ಸಿಕ್ಕಿಸಿದ. ಆಮೇಲೆ ಎರಡೂ ಕೈ ಕೊಟ್ಟು ದೂಡಿದ.

ಯಂತ್ರ ಕದಲಲಿಲ್ಲ. ಡೆನ್ವರ್ ಮುಂದಿನಿಂದ ಅದನ್ನು ತಡೆದು ಹಿಡಿದು ಅವನನ್ನೇ ನೋಡುತ್ತಿದ್ದ.

“ಲಿವರಿನ ವಿಷಯ ನಿಮಗೆ ಗೊತ್ತುಂಟಾ?”

“ಗೊತ್ತಿಲ್ದ ಏನ್ರಿ? ಮೊದಲನೇ ದಿನ ನಿಮ್ಮ ಮಾವನೋರ ತೋರಿಸಿಕೊಟ್ಟಿದ್ದು. ಇದನ್ನ ಎಳೀದ ನಾ ಒಂದ್ ದಿನಾನೂ ಗಾಡಿ ದೂಡಿದವನಲ್ಲ.”

“ಹಾಗಾದರೆ ಆವತ್ತು ಯಾಕೆ ಹಗ್ಗ ಕಟ್ಟಿದಿರಿ?”

“ಯಾವತ್ತು? ಎಂಥಾ ಹಗ್ಗ?”

ಡೆನ್ವರ್ ಸ್ಟೇರಿಂಗಿನಿಂದ ಕೈ ತೆಗೆದ. ಹೊರಗೆ ತೇರ್ಸು, ಜಪಮಾಲೆಯ ಪ್ರಾರ್ಥನೆ, ಶುರುವಾಗಿತ್ತು. ಒಬ್ಬರು ಹೇಳಿದ್ದಕ್ಕೆ ಉಳಿದವರೆಲ್ಲ ಒಟ್ಟಿಗೆ ಉತ್ತರಿಸುವ ಸದ್ದು ಅಲೆಅಲೆಯಾಗಿ ಬರುತ್ತಿತ್ತು.

“ನೋಡಿ, ನಾನೇ ಬಿಚ್ಚಿದ್ದು ನಿಮ್ಮ ಗಾಡಿಯ ಹೈಡ್ರೋ. ಇದೇ ಬೆಂಚಿನ ಮೇಲೆ. ಬರೀ ಬಿಸಿಯಿಂದ ಹೋದರೆ ಪಂಪು ಮೋಟರು ಎರಡೂ ಒಟ್ಟಿಗೆ ಸವೆಯುವುದು. ಇದರಲ್ಲಿ ಪಂಪಿನ ಕಡೆ ಕನ್ನಡಿಯ ಹಾಗೆ ಇತ್ತು. ಮೋಟರಿನ ಕಡೆ ಮಾತ್ರ ಗೀರುಗೀರು, ನೀಲಿ ತಿರುಗಿತ್ತು. ಮಾಮ್ ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ಬಿಸಿ ಅಲ್ಲ, ಯಾರೋ ಹಗ್ಗ ಕಟ್ಟಿ ದೂರ ಎಳೆದದ್ದು’ ಅಂದರು. ನಿಮ್ಮ ಫ್ಯಾನಿನ ಸಂದಿಯಲ್ಲಿ ಒಂದು ಎಳೆ ಹುಲ್ಲು ಸಹ ಇರಲಿಲ್ಲ.”

ಬಸಯ್ಯ ಬೆಂಚಿನ ಅಂಚು ಹಿಡಿದುಕೊಂಡ.

“ಮನೀಶ್ ಬಂದಿದ್ರು ಆ ದಿವಸ,” ಡೆನ್ವರ್ ದನಿ ತಗ್ಗಿಸಿದ. “ಮಾಮ್ ಕೇಳಿದ್ರು, ಇದನ್ನು ಯಾರಾದರೂ ಎಳೆದಿದ್ದಾರಾ ಅಂತ. ‘ಬಸಯ್ಯ ಬಿಟ್ಟರೆ ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ’ ಅಂತ ಹೇಳಿದ್ರು ಅವರು. ಅಷ್ಟೇ ಹೇಳಿದ್ದು. ಅವರು ಹೋದ ಮೇಲೆ ಮಾಮ್ ತುಂಬಾ ಹೊತ್ತು ಸುಮ್ಮನೆ ಕೂತರು. ಆಮೇಲೆ, ‘ಎಳೆದದ್ದು ಅಂತ ಬರೆದರೆ ಅವನನ್ನು ಕೆಲಸದಿಂದ ತೆಗೀತಾರೆ. ಮಗಳ ಮದುವೆ ಬೇರೆ ಉಂಟಂತೆ. ಬಿಸಿ ಅಂತ ಬರಿ’ ಅಂದರು. ನಾನೇ ಬರೆದದ್ದು. ‘ಬಿಸಿಯಿಂದ ಕೆಟ್ಟಿದೆ. ಇಂಥ ಗುಡ್ಡದ ಜಾಗದಲ್ಲಿ ಹೀಗಾಗುವುದುಂಟು, ಓಡಿಸುವವರ ತಪ್ಪಲ್ಲ.’”

“ಎರಡನೇ ಮಾತು ಓದಲಿಲ್ಲ,” ಎಂದ ಬಸಯ್ಯ.

“ಯಾರು?”

“ಓದಿದವರು.”

ಡೆನ್ವರ್ ಬಾಗಿಲಾಚೆ ಮನೀಶ್ ನಿಂತಿದ್ದ ಕಡೆಗೆ ನೋಡಿದ.

“ನಿಮ್ಮ ಮಾವನೋರು ನನ್ನ ಒಂದ್ ಮಾತು ಕೇಳಬಾರದಿತ್ತೇನ್ರಿ?” ಎಂದ ಬಸಯ್ಯ. “ಫೋನ್ ಇತ್ತು. ಮೂರು ತಿಂಗಳಿಗೊಮ್ಮೆ ಕಾಲೇಜಿಗೆ ಬರತಿದ್ರು. ಎದುರಿಗೇ ನೀರು ಬಿಡಕೋತ ನಿಂತಿರತಿದ್ದೆ.”

“ಅವರು ಯಾರನ್ನೂ ಕೇಳುವುದಿಲ್ಲ, ಬಸಯ್ಯಣ್ಣ. ‘ಬಡವನನ್ನು ಹೀಗೆ ಕೇಳಿದರೆ ನಾವೇ ಅವನ ಬಾಯಲ್ಲಿ ಸುಳ್ಳು ಹೇಳಿಸಿದ ಹಾಗೆ’ ಅಂತ ಅವರ ಲೆಕ್ಕ. ಕಬ್ಬಿಣ ನೋಡಿದರೆ ಸಾಕು ಅಂತ.”

“ಕಬ್ಬಿಣ ಎಳದಾರಂತ ಹೇಳತೈತಿ. ಯಾರು ಎಳದಾರಂತ ಹೇಳತೈತೇನ್ರಿ?”

ಬಸಯ್ಯನಿಗೆ ತಾನೇ ಆಡಿದ ಮಾತು ತನಗೇ ತಿರುಗಿ ತಾಗಿತು. ಗೇಟಿನವರೆಗೆ ಬಂದು ಮುಟ್ಟದೆ ಹೋದವನು ತಾನೂ ಹೌದು. ಜಗಲಿಯ ಮೇಲಿನ ಎರಡು ಲೋಟ ಕಾಫಿಯಿಂದ ಆರು ವರ್ಷದ ಕತೆ ಕಟ್ಟಿಕೊಂಡವನು. ಪ್ರತಿ ಕುಸ್ವಾರಿನ ಪೊಟ್ಟಣದಲ್ಲೂ ತಾನು ಅವರ ತಪ್ಪೊಪ್ಪಿಗೆ ಕಂಡಿದ್ದ. ಅದು ಪಕ್ಕದ ಮನೆಗೆ ಹೋದಷ್ಟೂ ಸಲ ಇತ್ತ ಅವರು, ಪಾಪ, ಇನ್ನೂ ನಾಚಿಕೆ ಅವನಿಗೆ ಎಂದುಕೊಂಡಿದ್ದರು.

ಅಷ್ಟರಲ್ಲೂ ಒಂದು ಅನುಮಾನ ಎದ್ದಿತು. ಇದನ್ನೆಲ್ಲ ಇವನು ಈಗ ಕಟ್ಟಿ ಹೇಳುತ್ತಿದ್ದರೆ? ಸತ್ತವರ ಹೆಸರು ಚೊಕ್ಕ ಮಾಡಲು?

“ಆ ಜನವರಿ ನಾ ಊರಾಗಿದ್ದೆ,” ಎಂದ ಅವನು. “ಐದು ದಿನ. ಶಿಲ್ಪಾನ ನಿಶ್ಚಯ.”

ಡೆನ್ವರ್ ಬಾಯಿ ತೆರೆದು ಹಾಗೆಯೇ ಉಳಿದ. “ಅದು ನಮಗೆ ಯಾರೂ ಹೇಳ್ಲಿಲ್ಲ,” ಎಂದ ಕೊನೆಗೆ. ಆ ಮುಖ ಸುಳ್ಳು ಹೇಳುವವನ ಮುಖವಾಗಿರಲಿಲ್ಲ.

ಯಂತ್ರವನ್ನು ಹೊರಗೆ ದೂಡಿದರು. ಅದು ಸದ್ದಿಲ್ಲದೆ ಉರುಳಿತು.

*

ಕುರ್ಚಿಗಳು ಬಂದವು. ಮೊದಲ ಸಾಲಿನಲ್ಲಿ ಸವಿತಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಳು. ಬಸಯ್ಯ ಅವಳ ಪಕ್ಕ ಕೂತ.

“ಸವಿತಾ, ನಾ ಶಿಲ್ಪಾನ ನಿಶ್ಚಯಕ್ಕ ಊರಿಗೆ ಹೋಗಿದ್ನೆಲ್ಲ, ಆಗ ಗಾಡಿ ಯಾರರ ಹೊರಗ ತೆಗೆದಿದ್ರೇನು?”

“ತೆಗೆದಿದ್ರಲ್ಲ ಕಾಕಾ. ಹುಡುಗರ ಸ್ಪೋರ್ಟ್ಸ್ ಇತ್ತು. ಕೆಳಗಿನ ಗ್ರೌಂಡಿನಾಗ ಹುಲ್ಲು ಎದ್ದಿತ್ತು, ದೊಡ್ಡ ಸಾಹೇಬ್ರು ಬರೋರಿದ್ರು. ಮನೀಶ್ ಸಾಹೇಬ್ರ ಹತ್ತಿ ಕೂತಿದ್ರು. ಸ್ವಲ್ಪ ಓಡಿಸಿದ ಮ್ಯಾಲ ಬ್ಯಾಟ್ರಿ ಹೋತಂತ, ಚಾಲೂ ಆಗಲೇ ಇಲ್ಲ.”

“ಮತ್ತ ಶೆಡ್ಡಿಗೆ ಹೆಂಗ ತಂದ್ರು?”

“ಜೀಪಿಗೆ ಹಗ್ಗ ಕಟ್ಟಿ.” ಸವಿತಾ ಸಣ್ಣಗೆ ನಕ್ಕಳು. “ಕೆಳಗಿಂದ ಹಾಸ್ಟೆಲ್ ಸುತ್ತು ಹಾಕಿ ಮ್ಯಾಲಿನತನಾ. ಹಿಂದ ವಾಚ್‌ಮನ್ನನ್ನ ಸ್ಟೇರಿಂಗಿಗೆ ಕೂರಿಸಿದ್ರು. ಅಂವಾ ಹೆದರಿ ಸಾಯಾಕ ಹತ್ತಿದ್ದ. ನಾವೆಲ್ಲ ಕಸಬರಗಿ ಬಿಟ್ಟು ನಿಂತು ನಕ್ಕಿದ್ವಿ.” ಬಸಯ್ಯನ ಮುಖ ನೋಡಿ ಅವಳ ನಗು ನಿಂತಿತು. “ಯಾಕ ಕಾಕಾ?”

“ನೀ ನನಗ ಹೇಳಲಿಲ್ಲ.”

“ಎಳಕೊಂಡು ಬಂದ್ರ ಏನಾಕ್ಕೈತಿ? ಕೆಟ್ಟ ಗಾಡಿ ಎಳಕೊಂಡೇ ಬರ್ತಾರ. ನನಗ ಯಾರ ಕೇಳಿದ್ರು?”

ನಿಜ. ಯಾರೂ ಕೇಳಿರಲಿಲ್ಲ. ಎಂಟು ಹೆಂಗಸರು, ಒಬ್ಬ ವಾಚ್‌ಮನ್, ಹಾಸ್ಟೆಲಿನ ಕಿಟಕಿಗಳಲ್ಲಿ ನಿಂತ ಹುಡುಗರು. ಅಷ್ಟೂ ಜನರ ಕಣ್ಣೆದುರು ಹಗಲಲ್ಲೇ ನಡೆದದ್ದು. ಅದನ್ನು ಒಳಗೆ ಬಿಚ್ಚಿ ನೋಡಿದವರು ಇಲ್ಲಿದ್ದರು, ಹೊರಗೆ ಕಂಡವರು ಅಲ್ಲಿದ್ದರು. ಎರಡರ ನಡುವೆ ಓಡಾಡಿದವನು ಒಬ್ಬನೇ. ಅವನು ಈಗ ಅಂಗಳದಲ್ಲಿ, ಪಾದ್ರಿಗಳು ಬರುವ ದಾರಿಯನ್ನು ಬಿಡಿಸಿಕೊಡುತ್ತ, ಜನರನ್ನು ಬದಿಗೆ ಸರಿಸುತ್ತಿದ್ದ.

ಡೆನ್ವರ್ ಬಂದು ಬಸಯ್ಯನ ಬೆನ್ನ ಹಿಂದೆ ನಿಂತ. ಸವಿತಾಳ ಮಾತು ಅವನಿಗೂ ಕೇಳಿಸಿತ್ತು.

“ಈಗಲೇ ಕೇಳುವ,” ಎಂದ ಹಲ್ಲು ಕಚ್ಚಿ. “ಎಲ್ಲರ ಎದುರಿಗೆ.”

“ಬ್ಯಾಡ. ಮೊದ್ಲ ಮಣ್ಣಾಗ್ಲಿ,” ಎಂದ ಬಸಯ್ಯ.

ಮನೆಯಿಂದ ಹೊರಡುವ ಮೊದಲು ಕೊನೆಯ ಸಲ ಮುಖ ನೋಡಲು ಬಿಟ್ಟರು. ಹೆಂಗಸರು ಬಗ್ಗಿ ಹಣೆಗೆ ಮುತ್ತು ಕೊಟ್ಟರು. ಗಂಡಸರು ಕೈ ಮುಟ್ಟಿ ಸರಿದರು. ಬಸಯ್ಯನ ಸರದಿ ಬಂದಾಗ ಅವನು ಏನು ಮಾಡಬೇಕೆಂದು ತಿಳಿಯದೆ ಒಂದು ಕ್ಷಣ ನಿಂತ. ಆಮೇಲೆ ಬಗ್ಗಿ, ಕಿವಿಯ ಬಳಿ ಬಾಯಿ ತಂದು ಹೇಳಿದ:

“ನಾ ಎಳದಿಲ್ಲರಿ.”

ಮೇಣದ ವಾಸನೆ, ಸೇವಂತಿಗೆಯ ವಾಸನೆ. ಕೆನ್ನೆಯ ಮೇಲೆ ಪೌಡರ್ ಹಚ್ಚಿದ್ದರು.

“ಊರಾಗಿದ್ದೆ. ನೀವು ಹೇಳಿಕೊಟ್ಟಿದ್ದು ಮರತಿರಲಿಲ್ಲ.”

ಹಿಂದೆ ಇದ್ದವರು ಅವನ ಜಾತಿಯ ಪ್ರಾರ್ಥನೆ ಇರಬೇಕೆಂದು ತಾಳ್ಮೆಯಿಂದ ಕಾದರು. ತಲೆಯ ಬಳಿ ಕೂತಿದ್ದ ಸೆಲೀನ್ ಮಾತ್ರ ಅಷ್ಟನ್ನೂ ಕೇಳಿದರು. ಅವರು ಅವನ ಮುಖವನ್ನು ನೋಡಿದರು, ಆಮೇಲೆ ಅವನ ಹಿಂದೆ ನಿಂತ ಡೆನ್ವರನ ಮುಖವನ್ನು. ಡೆನ್ವರ್ ಹೌದೆಂದು ತಲೆ ಆಡಿಸಿದ. ಸೆಲೀನ್ ಕಣ್ಣು ಮುಚ್ಚಿದರು. ಗಂಡನ ಕೋಟಿನ ತೋಳನ್ನು ಹಿಡಿದಿದ್ದ ಅವರ ಬೆರಳುಗಳು ಬಿಗಿಯಾದವು. ಎಬ್ಬಿಸಿ ಏನೋ ಹೇಳಬೇಕೆಂದಿರುವವರ ಹಾಗೆ ಆ ತೋಳನ್ನು ಒಮ್ಮೆ ಎಳೆದರು.

*

ಇಗರ್ಜಿಯ ಗಂಟೆ ನಿಧಾನವಾಗಿ, ಒಂದೊಂದಾಗಿ ಬಾರಿಸುತ್ತಿತ್ತು. ಬಲಿಪೂಜೆಯ ಹೊತ್ತು ಬಸಯ್ಯ, ಸವಿತಾ ಕೊನೆಯ ಬೆಂಚಿನಲ್ಲಿ ಕೂತರು. ಎಲ್ಲರೂ ಎದ್ದಾಗ ಎದ್ದರು, ಮೊಣಕಾಲೂರಿದಾಗ ತಲೆ ತಗ್ಗಿಸಿದರು. ಪಾದ್ರಿಗಳು ಕೊಂಕಣಿಯಲ್ಲಿ ಮಾತಾಡಿದರು. ‘ಕ್ಲಾರೆನ್ಸ್’ ಎಂಬ ಹೆಸರು ಆಗಾಗ ಕೇಳಿಸಿತು. ಒಳ್ಳೆಯವರೆಂದೇ ಹೇಳುತ್ತಿರಬೇಕು. ಅದರಲ್ಲಿ ಸುಳ್ಳಿಲ್ಲ ಎಂದುಕೊಂಡ ಬಸಯ್ಯ. ಹಾಗೆಂದುಕೊಂಡಾಗಲೂ ಎದೆಯೊಳಗಿನ ಉರಿ ಆರಲಿಲ್ಲ. ಒಳ್ಳೆಯತನದಿಂದಲೇ ಅವರು ಬರೆಸಿದ ಆ ಒಂದು ಮಾತು ಅವನ ಸೀಟನ್ನು ಕಿತ್ತುಕೊಂಡಿತ್ತು. ಎಳೆದದ್ದು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರೆ, ಎಂದು ಎಳೆದರು, ಯಾರು ಎಳೆದರು ಎಂದು ಯಾರಾದರೂ ಕೇಳಲೇಬೇಕಾಗುತ್ತಿತ್ತು.

ಸ್ಮಶಾನ ಇಗರ್ಜಿಯ ಹಿಂದೆಯೇ. ಪೆಟ್ಟಿಗೆಯನ್ನು ಇಳಿಸಿದರು. ಮೊದಲು ಸೆಲೀನ್, ಆಮೇಲೆ ಡೆನ್ವರ್, ಆಮೇಲೆ ಒಬ್ಬೊಬ್ಬರಾಗಿ ಒಂದೊಂದು ಹಿಡಿ ಮಣ್ಣು ಹಾಕಿದರು. ಹಿಂದಿನ ದಿನ ಯಾರೋ ನೀರು ಚಿಮುಕಿಸಿದ್ದ ಕೆಂಪು ಮಣ್ಣು, ಬೆರಳಿಗೆ ಅಂಟುವಂಥದು. ಮನೀಶ್ ಎರಡೂ ಕೈಯಲ್ಲಿ ಮೊಗೆದು ಹಾಕಿದ. ಬಸಯ್ಯ ತನ್ನ ಹಿಡಿಯನ್ನು ಕೆಳಕ್ಕೆ ಬಿಡುವಾಗ ಅದು ಮರದ ಮೇಲೆ ಬೀಳುವ ಸದ್ದು ಕೇಳಿದ.

ಗೇಟಿನ ಬಳಿ ಕೈ ತೊಳೆಯಲು ನೀರು ತುಂಬಿದ ಒಂದು ಡ್ರಮ್ಮು, ಅದರ ಮೇಲೊಂದು ಸ್ಟೀಲಿನ ಚೆಂಬು ಇಟ್ಟಿದ್ದರು. ಬಸಯ್ಯ ಕೈ ತೊಳೆದುಕೊಂಡು ಚೆಂಬನ್ನು ಇಡಬೇಕು ಎನ್ನುವಷ್ಟರಲ್ಲಿ ಹಿಂದಿದ್ದ ಮುದುಕರೊಬ್ಬರು ಎರಡೂ ಕೈ ಮುಂದೆ ಚಾಚಿದರು. ಅವರಿಗೆ ನೀರು ಹಾಕಿದ. ಅವರ ಹಿಂದಿನವರಿಗೂ ಹಾಕಿದ. ಸಾಲು ಕಟ್ಟಿತು. ಯಾರೂ ಅವನನ್ನು ನೇಮಿಸಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಸೆಲೀನ್ ಅವರನ್ನು ಹಿಡಿದುಕೊಂಡು ಡೆನ್ವರ್ ಗೇಟಿನ ಕಂಬದ ಬಳಿ ನಿಂತಿದ್ದ. ಪಕ್ಕದಲ್ಲಿ ಸವಿತಾ.

ಎಂಟನೆಯವನೋ ಒಂಬತ್ತನೆಯವನೋ ಆಗಿ ಮನೀಶ್ ಬಂದ.

“ಹಾಕಿ ಬಸಯ್ಯ,” ಎಂದು ಕೈ ಒಡ್ಡಿದ.

ಬಸಯ್ಯ ಚೆಂಬು ವಾಲಿಸಿದ. ಕೆಂಪು ನೀರು ಬೆರಳುಗಳ ನಡುವಿನಿಂದ ಇಳಿಯಿತು.

“ಸಾಹೇಬ್ರ,” ಎಂದ, ಪಕ್ಕದವರಿಗೆ ಕೇಳಿಸುವಷ್ಟು ಮಾತ್ರ. “ನಾ ಊರಿಗೆ ಹೋದಾಗ ಗಾಡಿನ್ನ ಜೀಪಿಗೆ ಕಟ್ಟಿ ಎಳದವರು ನೀವೇನ್ರಿ?”

ಉಜ್ಜುತ್ತಿದ್ದ ಕೈಗಳು ನಿಂತವು.

“ಯಾವ ಗಾಡಿ?” ಮನೀಶ್ ತಲೆ ಎತ್ತಲಿಲ್ಲ. “ಅದೆಲ್ಲ ಎಷ್ಟು ವರ್ಷ ಆಯ್ತು ಮಾರಾಯ್ರೆ. ಇವತ್ತು, ಇಲ್ಲಿ, ಅದು ಬೇಕಾ?”

“ಹೌದೋ ಅಲ್ಲೋ, ಅಷ್ಟ ಹೇಳ್ರಿ.”

ಮನೀಶ್ ಹೌದೆನ್ನಲಿಲ್ಲ. ಅಲ್ಲ ಎನ್ನಲು ಬಾಯಿ ತೆರೆದವನ ಕಣ್ಣು ಗೇಟಿನ ಕಡೆಗೆ ಹೋಯಿತು. ಅಲ್ಲಿ ಸವಿತಾ, ಡೆನ್ವರ್, ಅವರ ನಡುವೆ ಕಪ್ಪು ಸೀರೆಯ ಸೆಲೀನ್, ಮೂವರೂ ಅವನನ್ನೇ ನೋಡುತ್ತ ನಿಂತಿದ್ದರು. ಅವನು ಮತ್ತೆ ತಲೆ ತಗ್ಗಿಸಿದ.

ಬಸಯ್ಯ ಚೆಂಬನ್ನು ಡ್ರಮ್ಮಿನಲ್ಲಿ ಅದ್ದಿ ತುಂಬಿಕೊಂಡು ಮತ್ತೆ ಸುರಿದ. ಮಣ್ಣು ಯಾವಾಗಲೋ ಹೋಗಿತ್ತು. ಈಗ ತಿಳಿನೀರು ಬೀಳುತ್ತಿತ್ತು, ಉಗುರುಗಳ ಮೇಲೆ, ಉಂಗುರದ ಮೇಲೆ, ಮಣಿಕಟ್ಟಿನ ಗಡಿಯಾರದ ಮೇಲೆ. ಹಿಂದಿನವರು ಕೆಂಪು ಕೈಗಳನ್ನು ಮೈಗೆ ತಾಗದ ಹಾಗೆ ಹಿಡಿದುಕೊಂಡು ಕಾಯುತ್ತಿದ್ದರು. ಬಸಯ್ಯ ಮೂರನೆಯ ಚೆಂಬು ತುಂಬಿದ. ಮನೀಶ್ ಕೈ ಹಿಂತೆಗೆಯಲೂ ಇಲ್ಲ, ಉಜ್ಜಲೂ ಇಲ್ಲ. ಚಾಚಿದ ಹಾಗೆಯೇ ನೀರಿನಡಿ ಹಿಡಿದುಕೊಂಡು ನಿಂತಿದ್ದ.